ಕ್ಯಾಮರಾ ಕಟ್ಟಿದ ಚಿತ್ರಗಾರ

ಕೊಟ್ಟೂರಿನ ತೇರು, ಮೈಲಾರದ ಕಾರಣಿಕ ಇವುಗಳ ಕಾಲಕ್ಕೆ ನಮ್ಮ ಹಡಗಲಿ ಸೀಮೆಯಲ್ಲಿ ನಾಟಕ ಕಂಪನಿಗಳ ಡೇರೆಗಳು ಏಳುವುದುಂಟು. ಅರಮನೆಯ ಪರದೆ, ಅಡವಿಯ ಪರದೆ, ಬೀದಿಯ ಪರದೆ ಎಂದು ಒಂದರ ಹಿಂದೊಂದು ಸುರುಳಿ ಬಿಚ್ಚಿಕೊಂಡು ಇಳಿಯುವ ಆ ಬಣ್ಣದ ಬಟ್ಟೆಗಳನ್ನು ಚಿಕ್ಕಂದಿನಲ್ಲಿ ಬೆರಗುಗಣ್ಣಿನಿಂದ ನೋಡದವರು ನಮ್ಮಲ್ಲಿ ವಿರಳ. ಪಾತ್ರಧಾರಿಯ ಹೆಸರು ಊರೂರಿಗೆ ಗೊತ್ತು. ಹಾರ್ಮೋನಿಯಂ ನುಡಿಸುವವನ ಹೆಸರು ರಸಿಕರಿಗೆ ಗೊತ್ತು. ಪರದೆ ಬರೆದವನು ಯಾರೆಂದು ಕೇಳಿದವರನ್ನು ಮಾತ್ರ ನಾನು ಕಂಡಿಲ್ಲ. ಹೀಗೆ ಹೆಸರಿಲ್ಲದೆ ಹೋಗುವ ವೃತ್ತಿಯವರ ನಡುವಿನಿಂದ ಒಬ್ಬನು ಎದ್ದು ಬಂದು, ಆ ವೃತ್ತಿಯನ್ನೇ ತನ್ನ ಮನೆತನದ ಹೆಸರಾಗಿ ಮಾಡಿಕೊಂಡು, ಪರದೇಶದಿಂದ ಬಂದರೆ ಮಾತ್ರ ಉಂಟು ಎಂಬಂತಿದ್ದ ಚಲಚ್ಚಿತ್ರದ ಕ್ಯಾಮರಾವನ್ನು ಈ ನಾಡಿನಲ್ಲಿಯೇ ಕಟ್ಟಿ, ಅದರಿಂದ ಚಿತ್ರಗಳನ್ನು ತೆಗೆದ ಕಥೆ ಇದು. ಆತನೇ ಕೊಲ್ಹಾಪುರದ ಬಾಬೂರಾವ್ ಪೇಂಟರ್.

ಬಾಬೂರಾಯರು ಜನಿಸಿದ್ದು 1890ನೆಯ ಇಸವಿಯ ಜೂನ್ 3ರಂದು, ಕೊಲ್ಹಾಪುರದಲ್ಲಿ. ತಂದೆ ಕೃಷ್ಣರಾವ್ ಮೇಸ್ತ್ರಿ ಕುಶಲಕರ್ಮಿಗಳ ಮನೆತನದವರು. ಕೊಲ್ಹಾಪುರವು ಇಂದು ಮಹಾರಾಷ್ಟ್ರದ ಊರಾದರೂ ಕನ್ನಡಿಗರಿಗೆ ಹೊರಗಿನದಲ್ಲ. ಅಲ್ಲಿ ಆಳಿದ ಶಿಲಾಹಾರ ಅರಸರು ತಮ್ಮ ಶಾಸನಗಳನ್ನು ಕನ್ನಡದಲ್ಲಿ ಬರೆಯಿಸಿದರೆಂಬುದನ್ನು ವಿದ್ಯಾರ್ಥಿಗಳಿಗೆ ನೆನಪಿಸಬೇಕಾದುದಿಲ್ಲ. ಅಲ್ಲಿನ ಮಹಾಲಕ್ಷ್ಮಿಯು ಗಡಿಯ ಈಚಿನ ಎಷ್ಟೋ ಮನೆಗಳ ಕುಲದೇವತೆ.

ಮಗುವಿಗೆ ಶಾಲೆಯ ವಿದ್ಯೆ ಹೆಚ್ಚು ಹತ್ತಲಿಲ್ಲ. ಕೈವಿದ್ಯೆ ಮಾತ್ರ ಹುಟ್ಟಿನಿಂದ ಬಂದಿತ್ತು. ಮರ, ಲೋಹ, ಮಣ್ಣು, ಬಣ್ಣ ಯಾವುದೇ ಆಗಲಿ ಅದರ ಸ್ವಭಾವವನ್ನು ಕೈಯಿಂದಲೇ ಅರಿತುಕೊಳ್ಳುವ ಮನೆಯ ವಾತಾವರಣದಲ್ಲಿ ಬಾಬೂರಾಯರು ಚಿತ್ರಕಲೆಯನ್ನೂ ಶಿಲ್ಪವನ್ನೂ ಗುರುವಿಲ್ಲದೆ ಕಲಿತರು. ಜತೆಗೆ ಅವರಿಗೊಬ್ಬ ದಾಯಾದಿ ಸೋದರನಿದ್ದನು. ಹೆಸರು ಆನಂದರಾವ್. ಇಬ್ಬರೂ ಕೂಡಿ ನಾಟಕ ಮಂಡಳಿಗಳಿಗೆ ಪರದೆ ಬರೆಯುವ ಉದ್ಯೋಗಕ್ಕೆ ಇಳಿದರು. 1910ರಿಂದ ಮುಂದಿನ ಐದಾರು ವರ್ಷಗಳಲ್ಲಿ ಮರಾಠಿ ಸಂಗೀತ ನಾಟಕದ ವೈಭವವು ಶಿಖರವನ್ನು ಮುಟ್ಟಿದ್ದಿತು. ಕೇಶವರಾವ್ ಭೋಸಲೆಯವರ ಲಲಿತಕಲಾದರ್ಶ, ಬಾಲಗಂಧರ್ವರ ಗಂಧರ್ವ ನಾಟಕ ಮಂಡಳಿ ಇವು ಒಂದನ್ನೊಂದು ಮೀರಿಸುವಂತೆ ರಂಗಸಜ್ಜಿಗೆಗೆ ಹಣ ಸುರಿಯುತ್ತಿದ್ದ ಕಾಲ ಅದು. ಈ ಲಲಿತಕಲಾದರ್ಶವು 1908ರಲ್ಲಿ ಸ್ಥಾಪನೆಯಾದುದು ನಮ್ಮ ಹುಬ್ಬಳ್ಳಿಯಲ್ಲಿ ಎಂಬುದನ್ನು ಇಲ್ಲಿ ಹೇಳಿಬಿಡುವುದು ಉಚಿತ. ಸೋದರರು ಬರೆದ ಪರದೆಗಳು ಜನರ ಮೆಚ್ಚುಗೆಯನ್ನು ಪಡೆದುವು. ಮೇಸ್ತ್ರಿ ಎಂಬ ಮನೆತನದ ಹೆಸರು ಮರೆತುಹೋಗಿ ಆನಂದರಾವ್ ಪೇಂಟರ್, ಬಾಬೂರಾವ್ ಪೇಂಟರ್ ಎಂಬ ಹೆಸರುಗಳೇ ನಿಂತವು.

ಆ ವೇಳೆಗೆ ಚಲಚ್ಚಿತ್ರವು ಭರತಖಂಡಕ್ಕೆ ಬಂದು ಹದಿನೈದು ವರ್ಷಗಳಾಗಿದ್ದುವು. ಫ್ರಾನ್ಸಿನ ಲೂಮಿಯೇರ್ ಸೋದರರ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ 1896ರ ಜುಲೈ 7ರಂದು ಮೊದಲ ಬಾರಿಗೆ ತೋರಿಸಲ್ಪಟ್ಟಿದ್ದುವು. ಆದರೆ ನೋಡುವುದು ಬೇರೆ, ಮಾಡುವುದು ಬೇರೆ. ದಾದಾಸಾಹೇಬ ಫಾಲ್ಕೆಯವರು 1912ರಲ್ಲಿ ಲಂಡನ್ನಿಗೆ ಹೋಗಿ ವಿಲಿಯಂಸನ್ ಎಂಬ ಕ್ಯಾಮರಾವನ್ನು ಕೊಂಡು ತಂದು, ಮರುವರ್ಷದ ಮೇ 3ರಂದು ರಾಜಾ ಹರಿಶ್ಚಂದ್ರ ಚಿತ್ರವನ್ನು ಮುಂಬಯಿಯಲ್ಲಿ ಬಿಡುಗಡೆ ಮಾಡಿದರು. ಅದನ್ನು ನೋಡಿದ ಕೊಲ್ಹಾಪುರದ ಸೋದರರಿಗೆ ಬೇರೊಂದು ಹುಚ್ಚು ಹಿಡಿಯಿತು. ತಾವು ಬರೆಯುತ್ತಿದ್ದ ಪರದೆಯ ಮೇಲಿನ ಅಡವಿಯಲ್ಲಿ ಎಲೆ ಅಲುಗುವುದಿಲ್ಲ. ಫಾಲ್ಕೆಯವರ ಪರದೆಯ ಮೇಲೆ ಅದು ಅಲುಗುತ್ತಿದ್ದಿತು. ಚಿತ್ರಗಾರನಾದವನಿಗೆ ಇದಕ್ಕಿಂತ ದೊಡ್ಡ ಪ್ರಲೋಭನೆ ಏನಿದ್ದೀತು!

ಅವರು ಮುಂಬಯಿಯಲ್ಲಿ ಚಿತ್ರ ತೋರಿಸುವ ಹಳೆಯ ಯಂತ್ರವೊಂದನ್ನು ಸಂಪಾದಿಸಿ ಪ್ರದರ್ಶನಗಳನ್ನು ನಡೆಯಿಸಿದರು. ಉದ್ದೇಶ ಹಣವಷ್ಟೇ ಆಗಿರಲಿಲ್ಲ. ಆ ಯಂತ್ರವು ಅವರಿಗೆ ಪಾಠಶಾಲೆಯಾಯಿತು. ಫಾಲ್ಕೆಯವರಂತೆ ವಿಲಾಯತಿಗೆ ಹೋಗುವ ಅನುಕೂಲ ಇವರಿಗೆ ಇರಲಿಲ್ಲ. 1914ರಲ್ಲಿ ಮಹಾಯುದ್ಧವು ತೊಡಗಿದ ಮೇಲಂತೂ ಯೂರೋಪಿನ ಸಾಮಗ್ರಿಯು ಇಲ್ಲಿಗೆ ತಲಪುವುದೇ ದುಸ್ತರವಾಯಿತು. ಕೊಳ್ಳಲಾಗದುದನ್ನು ಮಾಡಿಕೊಳ್ಳಬೇಕು ಎಂದು ಮೊದಲು ಸಂಕಲ್ಪಿಸಿದವರು ಆನಂದರಾಯರು.

ಈ ಸಂಕಲ್ಪವು ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ವಾಚಕರು ಕ್ಯಾಮರಾದ ಹೊಟ್ಟೆಯೊಳಕ್ಕೆ ಸ್ವಲ್ಪ ಇಣಿಕಿ ನೋಡಬೇಕು. ಹೊರಗಿನಿಂದ ಅದೊಂದು ಮರದ ಪೆಟ್ಟಿಗೆ. ಮುಂದೆ ಗಾಜಿನ ಕಣ್ಣು, ಪಕ್ಕದಲ್ಲಿ ತಿರುಗಿಸುವ ಹಿಡಿಕೆ. ಒಳಗೆ 35 ಮಿಲಿಮೀಟರು ಅಗಲದ ಫಿಲ್ಮಿನ ಪಟ್ಟಿಯು ಒಂದು ಸುರುಳಿಯಿಂದ ಬಿಚ್ಚಿಕೊಂಡು ಇನ್ನೊಂದಕ್ಕೆ ಸುತ್ತಿಕೊಳ್ಳುತ್ತದೆ. ಪಟ್ಟಿಯ ಎರಡು ಅಂಚಿನಲ್ಲಿಯೂ ಸಣ್ಣ ತೂತುಗಳ ಸಾಲು. ಒಂದೊಂದು ಚಿತ್ರಕ್ಕೆ ಒಂದೊಂದು ಬದಿಯಲ್ಲಿ 4 ತೂತು. ಪಟ್ಟಿಯು ಹೊಳೆಯ ನೀರಿನಂತೆ ಸರಾಗವಾಗಿ ಹರಿದರೆ ಚಿತ್ರವೆಲ್ಲ ಕಲಸಿಹೋಗುತ್ತದೆ. ಅದು ಹೆಜ್ಜೆಯಿಟ್ಟು ನಡೆಯಬೇಕು. ಒಂದು ಕೊಕ್ಕೆಯು ತೂತಿನಲ್ಲಿ ಹೊಕ್ಕು ಪಟ್ಟಿಯನ್ನು ಒಂದು ಚಿತ್ರದಷ್ಟು ಕೆಳಕ್ಕೆಳೆದು ಹಿಂದೆ ಸರಿಯುತ್ತದೆ. ಪಟ್ಟಿಯು ಕ್ಷಣಮಾತ್ರ ಅಲುಗದೆ ನಿಲ್ಲುತ್ತದೆ. ಆಗ ಮಾತ್ರ ಬೆಳಕು ಒಳಕ್ಕೆ ಬೀಳುತ್ತದೆ. ಪಟ್ಟಿಯು ಚಲಿಸುವಾಗ ಅರ್ಧಚಂದ್ರಾಕಾರದ ತಗಡೊಂದು ತಿರುಗಿ ಬಂದು ಬೆಳಕಿಗೆ ಅಡ್ಡವಾಗುತ್ತದೆ. ಈ ಎಳೆದು ನಿಲ್ಲಿಸುವ ಚಲನೆಯು ಲೂಮಿಯೇರರಿಗೆ ಹೊಲಿಗೆಯ ಯಂತ್ರದಿಂದ ಹೊಳೆದುದಂತೆ. ಮೂಕಿ ಚಿತ್ರಗಳ ಕಾಲದಲ್ಲಿ ಇದು ಸೆಕೆಂಡಿಗೆ 16 ಸಲ ನಡೆಯಬೇಕು. ಹಿಡಿಕೆಯ ಒಂದು ಸುತ್ತಿಗೆ 8 ಚಿತ್ರ; ಸೆಕೆಂಡಿಗೆ ಎರಡು ಸುತ್ತು, ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಕ್ಯಾಮರಾ ತಿರುಗಿಸುವವನು ತಬಲಾ ನುಡಿಸುವವನಂತೆ ಲಯವನ್ನು ಕೈಯಲ್ಲಿ ಹಿಡಿದಿರಬೇಕಾಗಿದ್ದಿತು.

ಇಷ್ಟನ್ನು ತಿಳಿದ ಮಾತ್ರಕ್ಕೆ ಯಂತ್ರವು ಆಗುವುದಿಲ್ಲ. ಫಿಲ್ಮಿನ ಮೇಲಿನ ಒಂದು ಚಿತ್ರದ ಎತ್ತರ ಸುಮಾರು 18 ಮಿಲಿಮೀಟರು. 10 ಅಡಿ ಎತ್ತರದ ತೆರೆಯ ಮೇಲೆ ಅದು 150 ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ಕೊಕ್ಕೆಯು ಎಳೆಯುವಲ್ಲಿ ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟು ಏರುಪೇರಾದರೂ ತೆರೆಯ ಮೇಲಿನ ರಾಜನು ಸಿಂಹಾಸನಸಹಿತನಾಗಿ ಒಂದೂವರೆ ಸೆಂಟಿಮೀಟರು ಕುಣಿಯುತ್ತಾನೆ. ಅದೂ ಒಂದು ಸಲವಲ್ಲ, ಸೆಕೆಂಡಿಗೆ ಹದಿನಾರು ಸಲ. ಪೆಟ್ಟಿಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಬೆಳಕು ನುಸುಳಿ ಫಿಲ್ಮೆಲ್ಲ ಕೆಡುತ್ತದೆ. ಇದಕ್ಕೆ ಬೇಕಾದುದು ಮೊದಲು ಕೈ, ಆಮೇಲೆ ಪುಸ್ತಕ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರನ ಗುಡಿಯಲ್ಲಿ ತಿರುಗಣಿಯ ಮೇಲೆ ಕಡೆದಂತೆ ನುಣುಪಾದ ಕಂಬಗಳನ್ನು ನೋಡಿದವರಿಗೆ ನಮ್ಮ ಕುಶಲಕರ್ಮಿಗಳ ಕಣ್ಣಳತೆ ಎಂತಹುದೆಂಬ ಅಂದಾಜು ಇದ್ದೀತು. ಅಂತಹ ಪರಂಪರೆಯೊಂದು ಕೊಲ್ಹಾಪುರದ ಮೇಸ್ತ್ರಿಗಳ ಮನೆಯಲ್ಲಿ ಉಳಿದು ಬಂದಿದ್ದಿತು ಎಂದೇ ನನ್ನ ಭಾವನೆ.

1916ರಲ್ಲಿ, ಕ್ಯಾಮರಾದ ಕೆಲಸವು ಅರ್ಧದಲ್ಲಿರುವಾಗಲೇ, ಆನಂದರಾಯರು ತೀರಿಕೊಂಡರು. ಚಲಚ್ಚಿತ್ರದ ಚರಿತ್ರೆಯಲ್ಲಿ ಅವರಿಗೆ ದೊರೆತಿರುವುದು ಹೆಚ್ಚೆಂದರೆ ಎರಡು ಸಾಲು. ಮೊದಲ ಕನಸು ಅವರದು, ಮೊದಲ ಪ್ರಯತ್ನವೂ ಅವರದು. ಯಂತ್ರವು ತಿರುಗಿದ್ದನ್ನು ನೋಡುವ ಭಾಗ್ಯ ಮಾತ್ರ ಅವರದಾಗಲಿಲ್ಲ.

ಬಾಬೂರಾಯರು ಕೆಲಸವನ್ನು ಬಿಡಲಿಲ್ಲ. ಪರದೆ ಬರೆಯುವ ದಿನಗಳಿಂದಲೂ ಜತೆಗಿದ್ದ ವಿಷ್ಣುಪಂತ ದಾಮ್ಲೆ ಅವರಿಗೆ ಹೆಗಲು ಕೊಟ್ಟರು. ದಾಮ್ಲೆಯವರು ಬಾಬೂರಾಯರಿಗಿಂತ ಎರಡು ವರ್ಷ ಕಿರಿಯರು. ಯಂತ್ರದ ಮರ್ಮವನ್ನು ಬಲ್ಲವರು. ಇಬ್ಬರೂ ಸೇರಿ ಎರಡು ವರ್ಷಗಳ ಕಾಲ ಮಾಡಿ, ಕೆಡಿಸಿ, ಮತ್ತೆ ಮಾಡಿ, 1918ರಲ್ಲಿ ಕ್ಯಾಮರಾವನ್ನು ಸಿದ್ಧಪಡಿಸಿದರು. ಭರತಖಂಡದಲ್ಲಿ ತಯಾರಾದ ಮೊತ್ತಮೊದಲ ಚಲಚ್ಚಿತ್ರ ಕ್ಯಾಮರಾ ಅದೆಂದು ಚರಿತ್ರಕಾರರು ಒಪ್ಪುತ್ತಾರೆ. ಫಿಲ್ಮನ್ನು ಮಾತ್ರ ಪರದೇಶದಿಂದಲೇ ತರಿಸಬೇಕಾಗಿದ್ದಿತು. ಅದನ್ನು ಇಲ್ಲಿ ತಯಾರಿಸುವ ದಿನ ಇನ್ನೂ ಬಹುದೂರವಿದ್ದಿತು.

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ಲೋಕದಲ್ಲಿ ಆಗಲೇ ಇದ್ದ ಯಂತ್ರವನ್ನು ನೋಡಿ ಮಾಡಿದುದು ಹೇಗೆ ಶೋಧವಾದೀತು? ಲೂಮಿಯೇರರು, ವಿಲಿಯಂಸನ್ನರು ಇಪ್ಪತ್ತು ವರ್ಷಗಳ ಹಿಂದೆ ಸಾಧಿಸಿದುದನ್ನು ಇವರು ನಕಲು ಮಾಡಿದರು ಎಂದು ಹೇಳಿಬಿಡಬಹುದಲ್ಲವೆ? ಕನ್ನಡ ಸಾಹಿತ್ಯವನ್ನು ಪಾಠ ಹೇಳುವ ನನಗೆ ಈ ಮಾತು ಹೊಸದಲ್ಲ. ಪಂಪನೂ ಕುಮಾರವ್ಯಾಸನೂ ವ್ಯಾಸರ ಕಥೆಯನ್ನೇ ಹೇಳಿದರು. ಆದರೂ ಅವರನ್ನು ನಕಲುಗಾರರೆಂದು ಕರೆಯುವ ಧೈರ್ಯ ಯಾರಿಗೂ ಬಂದಿಲ್ಲ. ಯಂತ್ರಕ್ಕೂ ಕಾವ್ಯಕ್ಕೂ ಹೋಲಿಕೆ ಪೂರ್ತಿಯಾಗಿ ಸಲ್ಲದೆಂಬುದನ್ನು ಬಲ್ಲೆ. ಯಂತ್ರದ ತತ್ತ್ವವನ್ನು ಬಾಬೂರಾಯರು ಕಂಡುಹಿಡಿಯಲಿಲ್ಲ. ಆದರೆ ನಕ್ಷೆ ಬರೆದುಕೊಡುವವರಿಲ್ಲದೆ, ಬಿಡಿಭಾಗ ಮಾರುವ ಅಂಗಡಿಯಿಲ್ಲದೆ, ಹೇಳಿಕೊಡುವ ಗುರುವಿಲ್ಲದೆ ಅದೇ ತತ್ತ್ವವನ್ನು ಮೊದಲಿನಿಂದ ತಮ್ಮ ಕೈಯಲ್ಲಿ ಮರುಹುಟ್ಟಿಸಿದವರಿಗೆ ಬೇರೆ ಯಾವ ಹೆಸರನ್ನು ಕೊಡಬೇಕೋ ನನಗೆ ತೋರದು. ಕೊಂಡು ತಂದ ಕ್ಯಾಮರಾ ಕೆಟ್ಟರೆ ಅದನ್ನು ಕಂಪನಿಗೆ ಕಳುಹಿಸಬೇಕು. ತಾನೇ ಕಟ್ಟಿದುದನ್ನು ತಾನೇ ಬಿಚ್ಚಬಹುದು, ತಿದ್ದಬಹುದು. ಬಾಬೂರಾಯರ ಮುಂದಿನ ಸಾಹಸಗಳಿಗೆಲ್ಲ ಈ ಸ್ವಾಧೀನವೇ ಮೂಲವಾಯಿತು.

ಕ್ಯಾಮರಾ ಸಿದ್ಧವಾಗುತ್ತಿದ್ದ ಆ ದಿನಗಳಲ್ಲಿಯೇ ಮಹಾರಾಷ್ಟ್ರ ಫಿಲ್ಮ್ ಕಂಪನಿಯು ಕೊಲ್ಹಾಪುರದಲ್ಲಿ ಕಣ್ದೆರೆಯಿತು. ಹಣವನ್ನು ಕೊಟ್ಟು ಕೈಹಿಡಿದವರು ತಾನೀಬಾಯಿ ಕಾಗಲಕರ್ ಎಂಬ ಗಾಯಕಿ. ಕೊಲ್ಹಾಪುರದ ಶಾಹು ಮಹಾರಾಜರ ಆಶ್ರಯವೂ ದೊರೆಯಿತು. ಸ್ತ್ರೀಪಾತ್ರಗಳಿಗೆ ಗಂಡಸರು ಸೀರೆ ಉಡುತ್ತಿದ್ದ ಆ ಕಾಲದಲ್ಲಿ ಬಾಬೂರಾಯರು ಹೆಂಗಸರನ್ನೇ ಕ್ಯಾಮರಾದ ಮುಂದೆ ನಿಲ್ಲಿಸಿದರು. ಗುಲಾಬ್‌ಬಾಯಿ, ಅನಸೂಯಾಬಾಯಿ ಎಂಬ ಆ ಇಬ್ಬರು ನಟಿಯರು ಅದಕ್ಕಾಗಿ ತಮ್ಮವರಿಂದಲೇ ಬಹಿಷ್ಕಾರವನ್ನು ಅನುಭವಿಸಬೇಕಾಯಿತು.

ಮೊದಲ ಚಿತ್ರ ಸೈರಂಧ್ರಿ. ಕಥೆ ಕನ್ನಡಿಗರಿಗೆ ಕುಮಾರವ್ಯಾಸನ ವಿರಾಟಪರ್ವದಿಂದ ಸುಪರಿಚಿತವಾದ ಕೀಚಕವಧೆ. 1920ರ ಫೆಬ್ರುವರಿಯಲ್ಲಿ ಪುಣೆಯ ಆರ್ಯನ್ ಚಿತ್ರಮಂದಿರದಲ್ಲಿ ಅದು ಪ್ರದರ್ಶಿತವಾಯಿತು. ಭೀಮನು ಕೀಚಕನನ್ನು ಕೊಲ್ಲುವ ದೃಶ್ಯವು ಎಷ್ಟು ನೈಜವಾಗಿದ್ದಿತೆಂದರೆ ಪ್ರೇಕ್ಷಕರು ಭಯಗೊಂಡರು. ಕಡೆಗೆ ಆ ಭಾಗವನ್ನು ಕತ್ತರಿಸಬೇಕಾಯಿತು. ಇದಕ್ಕೆ ಹತ್ತು ವರ್ಷಗಳ ಹಿಂದೆ, 1910ರಲ್ಲಿ, ಇದೇ ಕಥೆಯನ್ನಾಧರಿಸಿದ ಖಾಡಿಲ್ಕರರ ಮರಾಠಿ ನಾಟಕವನ್ನು ಆಂಗ್ಲ ಸರ್ಕಾರವು ನಿಷೇಧಿಸಿದ್ದಿತು. ಕೀಚಕನಲ್ಲಿ ಜನರು ಕಂಡುದು ಲಾರ್ಡ್ ಕರ್ಜನ್ನನನ್ನು. ಆ ನೆನಪು ಮಾಸದಿದ್ದ ಪುಣೆಯಲ್ಲಿ ಬಾಬೂರಾಯರ ಕೀಚಕನು ಸತ್ತಾಗ ಜನರ ಮನಸ್ಸಿನಲ್ಲಿ ಏನೆಲ್ಲ ಏಳಬಹುದಾಗಿದ್ದಿತೆಂಬುದನ್ನು ಊಹಿಸಬಹುದು. ಲೋಕಮಾನ್ಯ ತಿಲಕರು ಈ ಚಿತ್ರವನ್ನು ಮೆಚ್ಚಿ ಬಾಬೂರಾಯರಿಗೆ ಸಿನೆಮಾ ಕೇಸರಿ ಎಂಬ ಬಿರುದನ್ನಿತ್ತರು. ಅದೇ ವರ್ಷದ ಆಗಸ್ಟ್ ಮೊದಲ ದಿನದಂದು ತಿಲಕರು ಕಾಲವಾದರು.

ಈಗ ಒಂದು ವಿಚಿತ್ರವನ್ನು ಗಮನಿಸಬೇಕು. ಪರದೆ ಬರೆದು ಹೆಸರು ಮಾಡಿದ ಚಿತ್ರಗಾರನು ಚಲಚ್ಚಿತ್ರಕ್ಕೆ ಬಂದೊಡನೆ ಮಾಡಿದ ಮೊದಲ ಕೆಲಸವೆಂದರೆ ಪರದೆಯನ್ನು ಕಿತ್ತೆಸೆದುದು. ಬಟ್ಟೆಯ ಮೇಲೆ ಬರೆದ ಕಂಬದ ಮುಂದೆ ನಟನು ನಿಂತರೆ ಕ್ಯಾಮರಾದ ಕಣ್ಣಿಗೆ ಅದು ಬಟ್ಟೆಯಾಗಿಯೇ ಕಾಣುತ್ತದೆ. ಬಾಬೂರಾಯರು ಮೂರು ಆಯಾಮಗಳುಳ್ಳ, ಒಳಹೊಕ್ಕು ನಡೆದಾಡಬಹುದಾದ ಮನೆಗಳನ್ನೂ ಅರಮನೆಗಳನ್ನೂ ಕಟ್ಟಿಸಿದರು. ಚಿತ್ರೀಕರಣಕ್ಕೆ ಮೊದಲು ಪಾತ್ರಗಳ ಉಡುಪು, ನಿಲುವು, ಚಲನೆ ಎಲ್ಲವನ್ನೂ ತಾವೇ ರೇಖಿಸಿಟ್ಟುಕೊಳ್ಳುತ್ತಿದ್ದರು. ತನ್ನ ಹಳೆಯ ಕಲೆಯು ಹೊಸ ಮಾಧ್ಯಮದಲ್ಲಿ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬ ಈ ವಿವೇಕವು ದೊಡ್ಡ ಕಲಾವಿದರಲ್ಲಿಯೂ ಅಪರೂಪ. ಆ ಕಾಲದ ಫಿಲ್ಮಿಗೆ ಕೆಂಪು ಬಣ್ಣವು ಕಾಣುತ್ತಿರಲಿಲ್ಲ; ಕೆಂಪು ಸೀರೆ ಕಪ್ಪಾಗಿ, ನೀಲಿಯ ಆಕಾಶ ಬಿಳಿಯಾಗಿ ಮೂಡುತ್ತಿದ್ದಿತು. ಬಣ್ಣಗಳಲ್ಲಿ ಬಾಳಿದವನೊಬ್ಬನು ಬಣ್ಣಗಳನ್ನೆಲ್ಲ ಮರೆತು ನೆರಳು ಬೆಳಕಿನ ಲಿಪಿಯನ್ನು ಹೊಸದಾಗಿ ಕಲಿಯಬೇಕಾಗಿದ್ದಿತು.

ಬೆಳಕಿನ ವಿಷಯದಲ್ಲಿ ಅವರದು ಇನ್ನೂ ದೊಡ್ಡ ಹೆಜ್ಜೆ. ಆಗಿನ ಚಿತ್ರಗಳೆಲ್ಲ ಬಿಸಿಲನ್ನು ನಂಬಿದ್ದುವು. ಮೋಡ ಕವಿದರೆ ಕೆಲಸವಿಲ್ಲ. ರಾತ್ರಿಯ ಕಥೆಯನ್ನೂ ಹಗಲಿನಲ್ಲಿಯೇ ತೆಗೆಯಬೇಕು. 1923ರ ಸಿಂಹಗಡ ಚಿತ್ರದಲ್ಲಿ ತಾನಾಜಿಯು ಕೋಟೆಯನ್ನೇರುವುದು ಇರುಳಿನಲ್ಲಿ. ಬಾಬೂರಾಯರು ಅದಕ್ಕಾಗಿ ವಿದ್ಯುದ್ದೀಪಗಳನ್ನು ಬಳಸಿ ಇರುಳನ್ನು ಇರುಳಾಗಿಯೇ ತೋರಿಸಿದರು. ಚಿತ್ರಕ್ಕೆ ನೆರೆದ ಜನಸಂದಣಿಯನ್ನು ಕಂಡು ಸರ್ಕಾರದ ಕಂದಾಯ ಇಲಾಖೆಯ ಕಣ್ಣು ತೆರೆಯಿತೆಂದೂ, ಮನೋರಂಜನೆಯ ತೆರಿಗೆಯು ಹುಟ್ಟಿದುದು ಅದರಿಂದಲೇ ಎಂದೂ ಹೇಳುತ್ತಾರೆ. ಕಲಾವಿದನ ಯಶಸ್ಸಿಗೆ ಸರ್ಕಾರವು ಕೊಟ್ಟ ಪಾರಿತೋಷಕವು ಹೀಗೂ ಇರಬಹುದು! ಚಿತ್ರಗಳ ಭಿತ್ತಿಪತ್ರಗಳನ್ನು ಅವರು ತಾವೇ ಬರೆಯುತ್ತಿದ್ದರು. 1924ರ ಕಲ್ಯಾಣ್ ಖಜಿನಾ ಚಿತ್ರಕ್ಕೆ ಅವರು ಬರೆದ ಭಿತ್ತಿಪತ್ರವು ಇಂದಿಗೂ ಉಳಿದು ಬಂದಿದೆ. ಕಥಾಸಾರವನ್ನೂ ಛಾಯಾಚಿತ್ರಗಳನ್ನೂ ಒಳಗೊಂಡ ಸಣ್ಣ ಪುಸ್ತಿಕೆಗಳನ್ನು ಪ್ರೇಕ್ಷಕರಿಗೆ ಒದಗಿಸುವ ಪದ್ಧತಿಯನ್ನು ತಂದವರೂ ಅವರೇ.

ಪುರಾಣ ಮತ್ತು ಇತಿಹಾಸಗಳಲ್ಲಿಯೇ ಕೈಯಾಡಿಸುತ್ತ ಕುಳಿತಿದ್ದರೆ ಬಾಬೂರಾಯರಿಗೆ ಹಣಕ್ಕೆ ಕೊರತೆಯಿರುತ್ತಿರಲಿಲ್ಲ. 1925ರಲ್ಲಿ ಅವರು ಸಾವಕಾರಿ ಪಾಶ ಎಂಬ ಚಿತ್ರವನ್ನು ತೆಗೆದರು. ನಾರಾಯಣ ಹರಿ ಆಪ್ಟೆಯವರ ಕಥೆ. ಬಡ ರೈತನೊಬ್ಬನು ಸಾಲ ಕೊಟ್ಟ ಸಾಹುಕಾರನ ಬಲೆಯಲ್ಲಿ ಸಿಕ್ಕಿ, ಹೊಲವನ್ನು ಕಳೆದುಕೊಂಡು, ಪಟ್ಟಣದ ಗಿರಣಿಯ ಕೂಲಿಯಾಗುತ್ತಾನೆ. ಮಳೆಯನ್ನೇ ನಂಬಿದ ನಮ್ಮ ಸೀಮೆಯವರಿಗೆ ಈ ಕಥೆಯನ್ನು ವಿವರಿಸಬೇಕಾದುದಿಲ್ಲ. ದೇವತೆಗಳಿಲ್ಲ, ಪವಾಡಗಳಿಲ್ಲ, ಕಿರೀಟಗಳಿಲ್ಲ. ಮಂದ ಬೆಳಕಿನಲ್ಲಿ ತೆಗೆದ ಮಂಕುಗವಿದ ಗುಡಿಸಲು, ಅದರ ಬಳಿ ಗೋಳಿಡುವ ನಾಯಿ, ಈ ದೃಶ್ಯವು ನೋಡಿದವರ ನೆನಪಿನಲ್ಲಿ ಹಲವು ದಶಕಗಳ ಮೇಲೂ ಉಳಿದಿದ್ದಿತು. ಆದರೆ ಜನರು ಮುಗಿಬೀಳಲಿಲ್ಲ. ತಮ್ಮ ಮನೆಯಲ್ಲಿ ದಿನವೂ ಕಾಣುವುದನ್ನು ದುಡ್ಡು ಕೊಟ್ಟು ನೋಡುವ ಅಭ್ಯಾಸವು ಆಗಿನ ಪ್ರೇಕ್ಷಕರಿಗೆ ಇನ್ನೂ ಬಂದಿರಲಿಲ್ಲ. ಬಾಬೂರಾಯರು ಮತ್ತೆ ಪುರಾಣಕ್ಕೆ ಮರಳಿದರು. ನನಗೆ ಕೇಳಿದರೆ ಅವರ ಬಾಳಿನ ದೊಡ್ಡ ಸೋಲು ಇದೇ. ಅವರ ದೊಡ್ಡ ಚಿತ್ರವೂ ಇದೇ.

ಅದರಲ್ಲಿ ತರುಣ ರೈತನ ಪಾತ್ರವನ್ನು ವಹಿಸಿದವನು ಶಾಂತಾರಾಮ್. ಮುಂದೆ ಭಾರತವೆಲ್ಲ ಬಲ್ಲ ವಿ. ಶಾಂತಾರಾಮ್. ಈತನು ಹುಡುಗನಾಗಿದ್ದಾಗ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದು, ಸಂಜೆ ಅಲ್ಲಿನ ತಗಡಿನ ಚಿತ್ರಮಂದಿರದಲ್ಲಿ ಚಿಲ್ಲರೆ ಕೆಲಸಗಳನ್ನು ಮಾಡುತ್ತ, ಫಾಲ್ಕೆಯವರ ಚಿತ್ರಗಳನ್ನು ನೋಡುತ್ತ ಬೆಳೆದವನು. 1920ರ ಸುಮಾರಿಗೆ ಬಾಬೂರಾಯರ ಕಂಪನಿಗೆ ಸೇರಿದನು. ಅಲ್ಲಿ ಇಂತಹ ಕೆಲಸ, ಅಂತಹ ಕೆಲಸ ಎಂಬ ಭೇದವಿರಲಿಲ್ಲ. ಗುರುಕುಲದಂತೆ ಎಲ್ಲರೂ ಎಲ್ಲವನ್ನೂ ಕಲಿಯಬೇಕು. ದಾಮ್ಲೆ, ಫತ್ತೇಲಾಲ್, ಧಾಯಬರ್, ಶಾಂತಾರಾಮ್ ಇವರೆಲ್ಲ ಅಲ್ಲಿ ಪಳಗಿದವರು.

1929ರಲ್ಲಿ ಈ ನಾಲ್ವರೂ ಗುರುವನ್ನು ಬಿಟ್ಟು ಹೊರಟರು. ಸೀತಾರಾಮಪಂತ ಕುಲಕರ್ಣಿಯವರ ಹಣದ ಬೆಂಬಲದಿಂದ ಆ ವರ್ಷದ ಜೂನ್ 1ರಂದು, ಕೊಲ್ಹಾಪುರದಲ್ಲಿಯೇ, ಪ್ರಭಾತ್ ಫಿಲ್ಮ್ ಕಂಪನಿಯನ್ನು ಸ್ಥಾಪಿಸಿದರು. ಕ್ಯಾಮರಾ ಕಟ್ಟುವಾಗ ಹಗಲಿರುಳು ಜತೆಗಿದ್ದ ದಾಮ್ಲೆಯವರೂ ಹೋದರೆಂಬುದು ಬಾಬೂರಾಯರಿಗೆ ಎಂತಹ ಪೆಟ್ಟಾಗಿರಬೇಕು! ಶಿಷ್ಯರನ್ನು ದೂಷಿಸುವುದೂ ಸಲ್ಲ. ಬೆಳೆದ ಮರಿಗಳಿಗೆ ಗೂಡು ಚಿಕ್ಕದಾಗುತ್ತದೆ. ಪ್ರಭಾತ್ ಕಂಪನಿಯು 1933ರಲ್ಲಿ ಪುಣೆಗೆ ಹೋಯಿತು. ಅಲ್ಲಿ ದಾಮ್ಲೆ ಮತ್ತು ಫತ್ತೇಲಾಲರು 1936ರಲ್ಲಿ ತೆಗೆದ ಸಂತ ತುಕಾರಾಮ್ ಚಿತ್ರಕ್ಕೆ ವೆನಿಸ್ಸಿನ ಉತ್ಸವದಲ್ಲಿ ಮನ್ನಣೆ ದೊರೆಯಿತು. ಗುರುವಿನ ಕಂಪನಿಯಾದರೋ 1931ರ ಹೊತ್ತಿಗೆ ಮುಚ್ಚಿಹೋಗಿದ್ದಿತು.

ಆದರೆ ಬಾಬೂರಾಯರು ಹಾಕಿದ ಅಸ್ತಿಭಾರದಿಂದ ಕೊಲ್ಹಾಪುರವು ಚಿತ್ರೋದ್ಯಮದ ಊರಾಗಿ ಬೆಳೆದಿದ್ದಿತು. ಸ್ಟುಡಿಯೋಗಳು, ತಂತ್ರಜ್ಞರು, ಬಡಗಿಗಳು, ಬಣ್ಣದವರು ಎಲ್ಲರೂ ಅಲ್ಲಿ ದೊರೆಯುತ್ತಿದ್ದರು. ಕನ್ನಡದ ಮೊದಲ ವಾಕ್ಚಿತ್ರವಾದ ಸತಿ ಸುಲೋಚನಾ ತಯಾರಾದುದು ಬೆಂಗಳೂರಿನಲ್ಲಲ್ಲ, ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ವೈ. ವಿ. ರಾವ್ ಅವರ ನಿರ್ದೇಶನದಲ್ಲಿ ಸುಬ್ಬಯ್ಯ ನಾಯಿಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಮೊದಲಾದವರು ಅಲ್ಲಿಗೆ ಹೋಗಿ ಅಭಿನಯಿಸಿ ಬಂದರು. 1934ರ ಮಾರ್ಚ್ 3ರಂದು ಅದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಬಾಬೂರಾಯರ ಕೈಯೇನೂ ಇಲ್ಲ. ಆದರೂ ಇಂದ್ರಜಿತುವು ಕನ್ನಡದಲ್ಲಿ ಮಾತನಾಡಿದ ಆ ಊರಿನಲ್ಲಿ ಹದಿನಾರು ವರ್ಷಗಳ ಹಿಂದೆ ಇಬ್ಬರು ಪರದೆ ಬರೆಯುವವರು ಪೆಟ್ಟಿಗೆಯೊಂದನ್ನು ಕಟ್ಟದೆ ಇದ್ದಿದ್ದರೆ ನಮ್ಮವರು ಯಾವ ಊರಿನ ದಾರಿ ಹಿಡಿಯಬೇಕಾಗುತ್ತಿತ್ತೋ ಹೇಳುವುದು ಕಷ್ಟ.

ಮಾತು ಬಂದ ಮೇಲಿನ ಚಲಚ್ಚಿತ್ರವು ಬಾಬೂರಾಯರಿಗೆ ಅಷ್ಟಾಗಿ ಒಲಿಯಲಿಲ್ಲ. 1935ರಲ್ಲಿ ಉಷಾ, 1936ರಲ್ಲಿ ಮಾತಿನೊಡನೆ ಮತ್ತೊಮ್ಮೆ ತೆಗೆದ ಸಾವಕಾರಿ ಪಾಶ, 1937ರಲ್ಲಿ ಪ್ರತಿಭಾ, ಹೀಗೆ ಕೆಲವು ಚಿತ್ರಗಳು ಬಂದುವು. ಒಮ್ಮೆ ಸೋತ ಕಥೆಯನ್ನು ಹನ್ನೊಂದು ವರ್ಷಗಳ ತರುವಾಯ ಮತ್ತೆ ಕೈಗೆತ್ತಿಕೊಂಡ ಆ ಹಟವನ್ನು ಗಮನಿಸಬೇಕು. 1947ರಲ್ಲಿ ಲಾವಣಿಯ ಕವಿ ರಾಮಜೋಶಿಯ ಜೀವನವನ್ನು ಕುರಿತ ಚಿತ್ರವನ್ನು ಅವರು ಶಾಂತಾರಾಮರ ರಾಜಕಮಲ್ ಸಂಸ್ಥೆಗಾಗಿ ನಿರ್ದೇಶಿಸಿದರು. ಅದನ್ನು ಪೂರ್ತಿಗೊಳಿಸುವಲ್ಲಿ ಶಾಂತಾರಾಮರ ಕೈಯೂ ಸೇರಿತು. ಗುರುವು ಶಿಷ್ಯನ ಸ್ಟುಡಿಯೋದಲ್ಲಿ ಕೆಲಸ ಮಾಡಿದ ಆ ದಿನಗಳ ಕುರಿತು ಬರೆಯಬಲ್ಲ ಕಾದಂಬರಿಕಾರನೊಬ್ಬನು ಎಂದಾದರೂ ಹುಟ್ಟಬೇಕು. 1952ರ ವಿಶ್ವಾಮಿತ್ರ ಅವರ ಕಡೆಯ ಚಿತ್ರ. ಅದೂ ಸೋತಿತು. ನಡುನಡುವೆ ಅವರು ತಮ್ಮ ಮೊದಲಿನ ಕಸುಬುಗಳಿಗೆ, ಕುಂಚಕ್ಕೂ ಮಣ್ಣಿಗೂ, ಹಿಂದಿರುಗಿದ್ದರು. ಜನರು ಅವರನ್ನು ಕಲಾಮಹರ್ಷಿ ಎಂದು ಕರೆದರು. 1954ರ ಜನವರಿ 16ರಂದು, ತಮ್ಮ 63ನೆಯ ವಯಸ್ಸಿನಲ್ಲಿ, ಹುಟ್ಟಿದ ಊರಿನಲ್ಲಿಯೇ ಬಾಬೂರಾಯರು ಕಣ್ಮುಚ್ಚಿದರು.

ಕೊಲ್ಹಾಪುರದಲ್ಲಿ ಇಂದು ಅವರ ನೆನಪಿಗಾಗಿ ಕ್ಯಾಮರಾದ ಸ್ತಂಭವೊಂದು ನಿಂತಿದೆ. ಸೈರಂಧ್ರಿಯಿಲ್ಲ, ಸಿಂಹಗಡವಿಲ್ಲ, ಮೂಕಿಯಾಗಿದ್ದ ಆ ಸಾವಕಾರಿ ಪಾಶವೂ ಇಲ್ಲ. ಕೊಲ್ಹಾಪುರದಲ್ಲಿ ತಯಾರಾದ ನಮ್ಮ ಸತಿ ಸುಲೋಚನೆಯೂ ಇದೇ ದಾರಿ ಹಿಡಿದಳು. ಬಾಬೂರಾಯರ ಮೂಕಿ ಚಿತ್ರಗಳಲ್ಲಿ ಉಳಿದಿರುವುದು 1927ರ ಮುರಲೀವಾಲಾ, ಸತಿ ಸಾವಿತ್ರಿ ಎಂಬ ಎರಡರ ತುಣುಕುಗಳು ಮಾತ್ರ. ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ಇರುವುದು ಪುಣೆಯ ಲಾ ಕಾಲೇಜು ರಸ್ತೆಯಲ್ಲಿ. ಗುರುವನ್ನು ಬಿಟ್ಟುಹೋದ ಶಿಷ್ಯರು ಪ್ರಭಾತ್ ಸ್ಟುಡಿಯೋವನ್ನು ಕಟ್ಟಿದುದೂ ಅದೇ ರಸ್ತೆಯಲ್ಲಿಯೇ.